ಡಬ್ಬಿಯ ಬೆನ್ನ ಮೇಲಿನ ಅಕ್ಷರ

ನಮ್ಮ ಅಜ್ಜಿಯರ ಕಾಲದ ಮೈಸೂರಿನಲ್ಲಿ ದಿನಸಿಯ ಚೀಟಿ ಎಂದರೆ ಮನೆಯಿಂದ ಅಂಗಡಿಗೆ ಹೋಗುತ್ತಿದ್ದ ಚೀಟಿ. ತೊಗರಿಬೇಳೆ ಎರಡು ಸೇರು, ಹುಣಿಸೆಹಣ್ಣು ಒಂದು ವೀಸೆ, ಇಂಗು ಒಂದು ತೊಲ ಎಂದು ಬರೆದು, ಕೊನೆಗೆ ‘ಬೇಳೆ ಹೋದ ಸಲದಂತೆ ಇರಬಾರದು’ ಎಂಬ ಎಚ್ಚರಿಕೆಯ ಮಾತನ್ನೂ ಸೇರಿಸಿ ಹುಡುಗರ ಕೈಯಲ್ಲಿ ಕಳುಹಿಸುತ್ತಿದ್ದರು. ಅಂಗಡಿಯಿಂದ ಮನೆಗೆ ಬರುತ್ತಿದ್ದ ಪೊಟ್ಟಣದ ಮೇಲೆ ಇರುತ್ತಿದ್ದುದು ಹಳೆಯ ವೃತ್ತಪತ್ರಿಕೆಯ ಸುದ್ದಿ ಮಾತ್ರ. ಒಳಗಿರುವುದು ಯಾವಾಗಿನದು, ಯಾರು ಮಾಡಿದ್ದು, ಏನೇನು ಬೆರೆಸಿದ್ದು ಎಂದು ಆ ಕಾಗದ ಹೇಳುತ್ತಿರಲಿಲ್ಲ. ತಿಳಿಯಬೇಕೆಂದರೆ ಸಂತೇಪೇಟೆಯ ಶೆಟ್ಟರನ್ನೇ ಕೇಳಬೇಕು. ಶೆಟ್ಟರ ಮುಖವೇ ಆಗಿನ ಲೇಬಲ್ಲು.

ಆ ಕಾಲ ಒಳ್ಳೆಯದಾಗಿತ್ತು, ಈಗ ಎಲ್ಲ ಕೆಟ್ಟಿತು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಶೆಟ್ಟರ ಮುಖವನ್ನು ಎಷ್ಟು ನಂಬಿದರೂ ನಮ್ಮ ಹೆಂಗಸರು ತಮ್ಮ ಕಣ್ಣು, ಮೂಗು, ಬೆರಳುಗಳನ್ನು ಅದಕ್ಕಿಂತ ಹೆಚ್ಚು ನಂಬಿದ್ದರು. ಅಕ್ಕಿಯನ್ನು ಮೊರಕ್ಕೆ ಹಾಕಿದಾಗ ಕಲ್ಲು ಹೊರಬೀಳುತ್ತಿತ್ತು. ಕಾಫಿಪುಡಿಯನ್ನು ತಣ್ಣೀರಿನ ಲೋಟದ ಮೇಲೆ ಉದುರಿಸಿದರೆ ಕಾಫಿ ತೇಲುತ್ತಿತ್ತು, ಚಿಕೋರಿ ಕಂದುಬಣ್ಣದ ಗೆರೆ ಎಳೆಯುತ್ತಾ ಮುಳುಗುತ್ತಿತ್ತು. ಅರಿಶಿನವನ್ನು ಕೊಂಬಾಗಿಯೇ ಕೊಂಡು ಕುಟ್ಟಿಸುತ್ತಿದ್ದುದರಲ್ಲಿ ಜಿಪುಣತನಕ್ಕಿಂತ ಜಾಣತನವೇ ಹೆಚ್ಚು. ಮೆಟಾನಿಲ್ ಯೆಲ್ಲೋ ಎಂಬ ಬಟ್ಟೆಯ ಬಣ್ಣ ಅರಿಶಿನದ ಪುಡಿಯಲ್ಲಿ ಸೇರುವಷ್ಟು ಸುಲಭವಾಗಿ ಕೊಂಬಿನೊಳಗೆ ಸೇರುವುದಿಲ್ಲವಷ್ಟೆ.

ಈ ಕಣ್ಣು ಬೆರಳುಗಳು ಸೋತದ್ದು ಮೊದಲು ತುಪ್ಪದ ವಿಷಯದಲ್ಲಿ. ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿಮಾಡಿದ ವನಸ್ಪತಿ ಮಾರುಕಟ್ಟೆಗೆ ಬಂದಮೇಲೆ, ಅದನ್ನು ತುಪ್ಪಕ್ಕೆ ಬೆರೆಸಿದರೆ ನೋಟದಿಂದ ಕಂಡುಹಿಡಿಯುವುದು ಅತ್ತೆಯರಿಗೂ ಕಷ್ಟವಾಯಿತು. ಆಗ ಸರ್ಕಾರ ಮಾಡಿದ ಉಪಾಯ ಸ್ವಾರಸ್ಯವಾದುದು. ವನಸ್ಪತಿ ತಯಾರಿಸುವವರೆಲ್ಲ ಅದರಲ್ಲಿ ನೂರಕ್ಕೆ ಐದು ಪಾಲು ಎಳ್ಳೆಣ್ಣೆ ಸೇರಿಸಲೇಬೇಕೆಂದು ನಿಯಮವಾಯಿತು. ಎಳ್ಳೆಣ್ಣೆಗೆ ಒಂದು ಗುಣವಿದೆ. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಚಿಟಿಕೆ ಸಕ್ಕರೆಯೊಡನೆ ಕುಲುಕಿದರೆ ಅದು ಕೆಂಪಾಗುತ್ತದೆ. ತುಪ್ಪ ಕೆಂಪಾದರೆ ಅದರಲ್ಲಿ ವನಸ್ಪತಿ ಇದೆ ಎಂದೇ ಅರ್ಥ. ಕಳ್ಳನ ಕಾಲಿಗೆ ಗೆಜ್ಜೆ ಕಟ್ಟಿದಂತೆ ಕಲಬೆರಕೆಯ ಪದಾರ್ಥಕ್ಕೇ ಗುರುತು ಕಟ್ಟಿದ ಕೆಲಸ ಇದು. ಆದರೆ ಆ ಗೆಜ್ಜೆಯ ಸದ್ದು ಕೇಳಲು ಆಮ್ಲದ ಸೀಸೆ ಬೇಕು, ಪ್ರಯೋಗಶಾಲೆ ಬೇಕು. ಅಡಿಗೆಮನೆಯ ಪರೀಕ್ಷೆ ಅಲ್ಲಿಂದ ಸರ್ಕಾರದ ಕೈಗೆ ದಾಟಿತು ಎನ್ನಬಹುದು.

ದೇಶಕ್ಕೆಲ್ಲ ಒಂದೇ ಆದ ಆಹಾರ ಕಲಬೆರಕೆ ತಡೆ ಕಾಯಿದೆ ಬಂದದ್ದು ೧೯೫೪ರಲ್ಲಿ. ಜಾರಿಯಾದದ್ದು ೧೯೫೫ರ ಜೂನ್ ೧ರಿಂದ. ಅದಕ್ಕೆ ಮೊದಲು ಒಂದೊಂದು ಪ್ರಾಂತಕ್ಕೆ ಒಂದೊಂದು ಕಾನೂನು ಇತ್ತು. ಈ ಕಾಯಿದೆಯ ಮುಖ್ಯ ಗಮನ ಇದ್ದುದು ಆಹಾರದಲ್ಲಿ ಏನು ಇರಬಾರದು ಎಂಬುದರ ಮೇಲೆ. ಡಬ್ಬಿಯ ಮೇಲೆ ಹೆಸರು, ತಯಾರಕರ ವಿಳಾಸ, ತೂಕ ಮೊದಲಾದುವನ್ನು ಬರೆಯಬೇಕೆಂಬ ನಿಯಮಗಳೂ ಜೊತೆಗೆ ಬಂದುವು. ಇದೇ ಕಾಯಿದೆಯ ಹನ್ನೆರಡನೆಯ ಕಲಮು ಸಾಮಾನ್ಯ ಗಿರಾಕಿಗೂ ಒಂದು ಹಕ್ಕು ಕೊಟ್ಟಿತು. ಕೊಂಡ ಪದಾರ್ಥವನ್ನು ನಿಗದಿಯಾದ ಶುಲ್ಕ ಕೊಟ್ಟು ಸರ್ಕಾರದ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆ ಮಾಡಿಸುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಬೇಕು. ಕಲಬೆರಕೆ ಎಂದು ರುಜುವಾತಾದರೆ ಕಟ್ಟಿದ ಶುಲ್ಕ ವಾಪಸ್ಸು. ಈ ಹಕ್ಕನ್ನು ಚಲಾಯಿಸಿದ ಗೃಹಿಣಿಯರು ನಮ್ಮಲ್ಲಿ ಎಷ್ಟು ಜನ? ಹಕ್ಕು ಇದೆಯೆಂದು ತಿಳಿದಿದ್ದವರೇ ವಿರಳ.

ಮೈಸೂರಿನವರಿಗೆ ಈ ಕಥೆಯಲ್ಲಿ ವಿಶೇಷವಾದ ಪಾಲಿದೆ. ಅರಮನೆಯವರು ರಾಜಕುಮಾರಿಯರಿಗಾಗಿ ಊರಿನ ಅಂಚಿನಲ್ಲಿ ಕಟ್ಟಿಸಿದ ಸೌಧಗಳ ಭಾಗ್ಯವೇ ಬೇರೆ. ಜಯಲಕ್ಷ್ಮೀವಿಲಾಸ ವಿಶ್ವವಿದ್ಯಾನಿಲಯದ ಪಾಲಾಯಿತು. ಚೆಲುವಾಜಮ್ಮಣ್ಣಿಯವರ ಹೆಸರಿನ ಚೆಲುವಾಂಬ ಮಹಲು ಅನ್ನದ ವಿಜ್ಞಾನಕ್ಕೆ ಮೀಸಲಾಯಿತು. ೧೯೫೦ರ ಅಕ್ಟೋಬರಿನಲ್ಲಿ ಅಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ತೆರೆಯಿತು. ಇಂದಿಗೂ ಆಟೋದವರಿಗೆ ಇಷ್ಟುದ್ದ ಹೆಸರು ಹೇಳಿದರೆ ತಿಳಿಯದು, ಸಿಎಫ್‌ಟಿಆರ್‌ಐ ಎಂದರೆ ಸಾಕು. ಮೊದಲ ನಿರ್ದೇಶಕರು ಡಾ. ವಿ. ಸುಬ್ರಹ್ಮಣ್ಯನ್. ೧೯೪೩ರ ಬಂಗಾಳದ ಬರಗಾಲ ಆಗ ಯಾರಿಗೂ ಮರೆತಿರಲಿಲ್ಲ, ಪಡಿತರದ ಸಾಲುಗಳು ಇನ್ನೂ ಕರಗಿರಲಿಲ್ಲ. ಇರುವ ಆಹಾರವನ್ನು ಕೆಡದಂತೆ ಉಳಿಸುವುದು, ಅಗ್ಗದ ಕಾಳುಗಳಿಂದಲೇ ಮಕ್ಕಳಿಗೆ ಸಾಕಷ್ಟು ಪೋಷಣೆ ಕೊಡುವುದು ಆ ವಿಜ್ಞಾನಿಗಳ ಚಿಂತೆಯಾಗಿತ್ತು.

ಅವರು ಮಾಡಿದ ಕೆಲಸಗಳಲ್ಲಿ ಬಹೂಪಯೋಗಿ ಆಹಾರ ಎಂಬುದೊಂದು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮೂರು ಪಾಲು, ಕಡಲೆಬೇಳೆ ಹಿಟ್ಟು ಒಂದು ಪಾಲು, ಜೊತೆಗೆ ಸುಣ್ಣದ ಅಂಶ ಮತ್ತು ಕೆಲವು ಜೀವಸತ್ವಗಳು. ಇದನ್ನು ಸಾರಿಗೋ ರೊಟ್ಟಿಗೋ ಬೆರೆಸಿದರೆ ಬಡವರ ಊಟದಲ್ಲಿ ಸಸಾರಜನಕ ಹೆಚ್ಚುತ್ತದೆ ಎಂಬುದು ಎಣಿಕೆ. ಎಮ್ಮೆಯ ಹಾಲಿನಿಂದ ಶಿಶು ಆಹಾರದ ಪುಡಿ ಮಾಡುವ ವಿಧಾನವೂ ಇಲ್ಲಿಂದಲೇ ಹೊರಟು ಗುಜರಾತಿನ ಆನಂದ್ ಮುಟ್ಟಿತು. ಎಮ್ಮೆಯ ಹಾಲು ಎಳೆಮಕ್ಕಳಿಗೆ ಒಗ್ಗದು ಎಂದುಕೊಂಡಿದ್ದ ಕಾಲ ಅದು. ಸೈನಿಕರ ಬುತ್ತಿಯ ಚಿಂತೆಗೆಂದು ೧೯೬೧ರಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವೂ ಮೈಸೂರಿನಲ್ಲೇ ಆರಂಭವಾಯಿತು. ದಿನಗಟ್ಟಲೆ ಕೆಡದ ಚಪಾತಿಯ ಸಂಶೋಧನೆ ನಡೆದ ಊರಿನಲ್ಲಿ ನಾವು ದಿನಾ ಚಪಾತಿ ಲಟ್ಟಿಸುತ್ತಾ ಬದುಕಿದ್ದೇವೆ!

ಇದಲ್ಲದೆ ಇನ್ನೊಂದು ಗಂಭೀರವಾದ ಹೊಣೆ ಸಿಎಫ್‌ಟಿಆರ್‌ಐ ಹೆಗಲಿಗೆ ಬಂತು. ಕಲಬೆರಕೆಯ ಮೊಕದ್ದಮೆಯಲ್ಲಿ ಸ್ಥಳೀಯ ವಿಶ್ಲೇಷಕರ ವರದಿಯನ್ನು ಆಪಾದಿತ ಒಪ್ಪದಿದ್ದರೆ ನ್ಯಾಯಾಲಯ ಆ ಮಾದರಿಯನ್ನು ಕೇಂದ್ರ ಆಹಾರ ಪ್ರಯೋಗಾಲಯಕ್ಕೆ ಕಳುಹಿಸುತ್ತಿತ್ತು. ಅಲ್ಲಿಯ ವರದಿಯೇ ಕೊನೆಯ ಮಾತು. ದೇಶದಲ್ಲಿ ಅಂಥವು ನಾಲ್ಕು, ಕಲ್ಕತ್ತ, ಘಾಜಿಯಾಬಾದ್, ಪುಣೆ ಮತ್ತು ಮೈಸೂರು. ಎಲ್ಲೋ ದೂರದ ಊರಿನ ಅಂಗಡಿಯಲ್ಲಿ ಮೊಹರು ಮಾಡಿದ ಕಾಳುಮೆಣಸು, ಎಣ್ಣೆ, ಹಾಲಿನ ಪುಡಿ ನಮ್ಮ ಒಂಟಿಕೊಪ್ಪಲಿನ ಪಕ್ಕದ ಕಟ್ಟಡಕ್ಕೆ ಬಂದು ತಮ್ಮ ನಿಜವನ್ನು ಒಪ್ಪಿಕೊಳ್ಳುತ್ತಿದ್ದುವು.

ಈಗ ಡಬ್ಬಿಗಳ ಮೇಲೆ ಕಾಣುವ ಕ್ಯಾಲೊರಿ, ಪ್ರೊಟೀನುಗಳ ಅಂಕಿಗಳಿಗೂ ಒಂದು ವಂಶಾವಳಿ ಇದೆ. ನೀಲಗಿರಿಯ ಕೂನೂರಿನಲ್ಲಿ ೧೯೧೮ರಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಮೆಕ್ಯಾರಿಸನ್ ಎಂಬ ವೈದ್ಯರು ಆರಂಭಿಸಿದ ಚಿಕ್ಕ ಪ್ರಯೋಗಶಾಲೆ ಬೆಳೆದು, ೧೯೫೮ರಲ್ಲಿ ಹೈದರಾಬಾದಿಗೆ ಹೋಗಿ, ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ರಾಗಿಯಲ್ಲಿ ಸುಣ್ಣದ ಅಂಶ ಎಷ್ಟು, ನುಗ್ಗೆಸೊಪ್ಪಿನಲ್ಲಿ ಕಬ್ಬಿಣ ಎಷ್ಟು ಎಂಬ ಕೋಷ್ಟಕಗಳನ್ನು ಕೂನೂರಿನಲ್ಲಿದ್ದಾಗ ಏಕ್ರಾಯ್ಡ್ ೧೯೩೭ರಲ್ಲಿ ಪ್ರಕಟಿಸಿದರು. ಹೈದರಾಬಾದಿನಲ್ಲಿ ಗೋಪಾಲನ್ ಮತ್ತು ಅವರ ಸಂಗಡಿಗರು ೧೯೭೧ರಲ್ಲಿ ಅದನ್ನು ಹೊಸದಾಗಿ ಮಾಡಿದರು. ೨೦೧೭ರಲ್ಲಿ ಮತ್ತೆ ಎಲ್ಲ ಪದಾರ್ಥಗಳನ್ನೂ ಪರೀಕ್ಷಿಸಿದ ಹೊಸ ಕೋಷ್ಟಕ ಬಂತು. ಗೃಹವಿಜ್ಞಾನ ಓದಿದ ನಮ್ಮ ಹೆಣ್ಣುಮಕ್ಕಳು ಈ ಕೋಷ್ಟಕಗಳನ್ನು ಮಗ್ಗಿಯಂತೆ ಉರುಹೊಡೆದವರು. ಜೊತೆಗೆ ಸಿಎಫ್‌ಟಿಆರ್‌ಐಯ ಡಾ. ಎಂ. ಸ್ವಾಮಿನಾಥನ್ ಬರೆದ ಪಠ್ಯಗಳನ್ನೂ ಹೊತ್ತು ತಿರುಗಿದವರು. ‘ಅಡಿಗೆ ಕಲಿಯುವುದಕ್ಕೆ ಕಾಲೇಜೇಕೆ?’ ಎಂದು ಹಾಸ್ಯಮಾಡಿದವರ ಮನೆಯಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಾಗ ಇದೇ ಹೆಣ್ಣುಮಕ್ಕಳ ಕೋಷ್ಟಕ ನೆರವಿಗೆ ಬಂದದ್ದುಂಟು.

ಅಂಕಿಯ ಮಾತು ಹಾಗಿರಲಿ, ಡಬ್ಬಿಯ ಮೇಲಿನ ಚಿತ್ರ ಮಾಡುವ ಮಾಯೆಯೇ ಬೇರೆ. ದುಂಡುಕೆನ್ನೆಯ ಮಗು ನಗುವ ಹಾಲಿನಪುಡಿಯ ಡಬ್ಬಿಗಳು ಎಷ್ಟು ಮನೆಗಳ ಅಟ್ಟದ ಮೇಲೆ ಸಾಸಿವೆ ಮೆಂತ್ಯ ತುಂಬಿಕೊಂಡು ಕುಳಿತಿದ್ದುವು! ಆ ಮಗುವಿನ ನಗೆಯನ್ನು ಕಂಡು ತನ್ನ ಹಾಲು ಸಾಲದೇನೋ ಎಂದು ಅಳುಕಿದ ಬಾಣಂತಿಯರು ಕಡಿಮೆಯಲ್ಲ. ೧೯೯೨ರಲ್ಲಿ ಶಿಶು ಹಾಲುಬದಲಿಗಳ ಕಾಯಿದೆ ಬಂದು ಆ ಚಿತ್ರವನ್ನು ನಿಷೇಧಿಸಿತು. ತಾಯಿಯ ಹಾಲೇ ಮಗುವಿಗೆ ಅತ್ಯುತ್ತಮ ಎಂದು ಡಬ್ಬಿಯ ಮೇಲೆಯೇ ದೊಡ್ಡಕ್ಷರದಲ್ಲಿ ಬರೆಯಿಸಿತು. ತನ್ನ ಸರಕಿಗಿಂತ ಉತ್ತಮವಾದದ್ದು ಇನ್ನೊಂದಿದೆ ಎಂದು ತಯಾರಕನ ಕೈಯಲ್ಲೇ ಹೇಳಿಸಿದ ಕಾನೂನು ಇದು. ನನ್ನ ದೃಷ್ಟಿಯಲ್ಲಿ ನಮ್ಮ ದೇಶದ ಲೇಬಲ್ ನಿಯಮಗಳಲ್ಲಿ ಹೆಂಗಸರಿಗೆ ಅತಿ ಹೆಚ್ಚು ಉಪಕಾರ ಮಾಡಿದ್ದು ಇದೇ.

ತೂಕ ಬೆಲೆಗಳ ಕಥೆ ಸ್ವಲ್ಪ ಚಿಕ್ಕದು. ೧೯೬೨ರ ಹೊತ್ತಿಗೆ ಸೇರು, ಪಾವು, ಚಟಾಕುಗಳು ಹೋಗಿ ಕಿಲೋ ಗ್ರಾಮುಗಳು ಬಂದುವು. ೧೯೭೭ರ ನಿಯಮಗಳು ಪೊಟ್ಟಣದ ಮೇಲೆ ನಿವ್ವಳ ತೂಕ, ಕಟ್ಟಿದ ತಿಂಗಳು, ಬೆಲೆ ಇವನ್ನು ಬರೆಯುವಂತೆ ಮಾಡಿದುವು. ಆದರೂ ‘ತೆರಿಗೆ ಪ್ರತ್ಯೇಕ’ ಎಂಬ ಎರಡು ಪದದ ಮರೆಯಲ್ಲಿ ಅಂಗಡಿಗೊಂದು ಬೆಲೆ ನಡೆಯುತ್ತಿತ್ತು. ೧೯೯೦ರಲ್ಲಿ ನಿಯಮ ತಿದ್ದುಪಡಿಯಾಗಿ ಎಲ್ಲ ತೆರಿಗೆಯೂ ಸೇರಿದ ಗರಿಷ್ಠ ಬೆಲೆಯನ್ನೇ ಮುದ್ರಿಸಬೇಕೆಂದಾದ ಮೇಲೆ ಆ ಆಟ ನಿಂತಿತು. ‘ಎಂಆರ್‌ಪಿ ಎಷ್ಟಿದೆ?’ ಎಂದು ಕೇಳುವುದನ್ನು ಅಕ್ಷರ ಬಾರದ ಹೆಂಗಸರೂ ಕಲಿತರು. ಒಂದು ನಿಯಮ ಜನರ ಬಾಯಿಮಾತಾದರೆ ಎಷ್ಟು ಬಲ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಕಾಫಿಯ ಮಾತಾಡದೆ ಮೈಸೂರಿನವರು ಆಹಾರದ ವಿಷಯ ಮುಗಿಸಲಾರರು. ಎದುರಿಗೇ ಹುರಿದು ಪುಡಿಮಾಡಿ ಕೊಡುವ ಅಂಗಡಿಯಲ್ಲಿ ‘ಚಿಕೋರಿ ಎಷ್ಟು ಹಾಕಲಿ ಅಮ್ಮಾ?’ ಎಂದು ಕೇಳುತ್ತಾರೆ. ನಾವೂ ನಮ್ಮ ಮನೆಯ ನಾಲಗೆಗೆ ತಕ್ಕಂತೆ ಹೇಳುತ್ತೇವೆ. ಅಲ್ಲಿ ಮರೆಯೇನೂ ಇಲ್ಲ. ಮೊಹರಾದ ಪೊಟ್ಟಣದಲ್ಲಿ ಹಾಗೆ ಕೇಳುವವರಿಲ್ಲ. ಅದಕ್ಕಾಗಿ ಕಾನೂನೇ ನಮ್ಮ ಪರವಾಗಿ ಕೇಳಿದೆ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ನೂರಕ್ಕೆ ೫೧ಕ್ಕಿಂತ ಕಡಿಮೆ ಇರಕೂಡದು, ಎರಡರ ಪ್ರಮಾಣವನ್ನೂ ಲೇಬಲ್ಲಿನಲ್ಲಿ ಹೇಳಲೇಬೇಕು. ಹಾಗೆಂದರೆ ೪೯ ಪಾಲು ಚಿಕೋರಿ ಇದ್ದರೂ ಅದು ಕಾನೂನುಬದ್ಧವೇ. ಕಾಫಿಯ ಬೆಲೆ ಕೊಟ್ಟು ಅರ್ಧದಷ್ಟು ಬೇರಿನ ಪುಡಿ ಕೊಳ್ಳಬೇಕೆ ಬೇಡವೆ ಎಂಬ ನಿರ್ಧಾರ, ಡಬ್ಬಿ ತಿರುಗಿಸಿ ಓದಿದವಳದು.

ಎಣ್ಣೆಯ ವಿಷಯ ಹೀಗೆ ನಗುತ್ತಾ ಹೇಳುವಂಥದಲ್ಲ. ೧೯೯೮ರ ಆಗಸ್ಟ್ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆ ತಿಂದ ಕುಟುಂಬಗಳಲ್ಲಿ ಕಾಲು ಊದಿಕೊಂಡು, ಉಸಿರು ಸಿಕ್ಕಿಕೊಂಡು, ಅರುವತ್ತಕ್ಕೂ ಹೆಚ್ಚು ಜನ ಸತ್ತರು. ಆರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಬೀಜ ನೋಡಲು ಸಾಸಿವೆಯಂತೆಯೇ ಇರುತ್ತದೆ. ಅದರ ಎಣ್ಣೆ ಸಾಸಿವೆ ಎಣ್ಣೆಗೆ ಸೇರಿತ್ತು. ಆ ವರ್ಷವೇ ಕೇಂದ್ರ ಸರ್ಕಾರ ಖಾದ್ಯತೈಲಗಳನ್ನು ಪ್ಯಾಕ್ ಮಾಡಿಯೇ ಮಾರಬೇಕೆಂಬ ಆದೇಶ ಹೊರಡಿಸಿತು. ನಾವಿಲ್ಲಿ ಕಡಲೆಕಾಯಿ ಎಣ್ಣೆಯವರು, ಹುಚ್ಚೆಳ್ಳೆಣ್ಣೆಯವರು. ಸಾಸಿವೆ ನಮಗೆ ಒಗ್ಗರಣೆಗೆ ಮಾತ್ರ. ಆದರೂ ಸೀಸೆ ಹಿಡಿದು ಗಾಣಕ್ಕೆ ಹೋಗಿ ಎಣ್ಣೆ ತರುತ್ತಿದ್ದ ನಮ್ಮ ಪದ್ಧತಿಯೂ ಅಲ್ಲಿಂದ ವೇಗವಾಗಿ ಕ್ಷೀಣಿಸಿತು. ಯಾರೋ ಕೆಲವರ ದುರಾಸೆಗೆ ಪ್ರಾಮಾಣಿಕ ಗಾಣಿಗನೂ ಬೆಲೆ ತೆತ್ತ. ಆದರೆ ಯಾರು ತಯಾರಿಸಿದರು, ಯಾವ ದಿನ, ಯಾವ ತಂಡದ್ದು ಎಂಬ ಬರಹ ಇಲ್ಲದಿದ್ದರೆ ವಿಷ ಎಲ್ಲಿಂದ ಹೊರಟಿತೆಂದು ಹಿಂದಕ್ಕೆ ಹೆಜ್ಜೆ ಹಿಡಿದು ಹೋಗುವುದು ಯಾರಿಗೂ ಸಾಧ್ಯವಿಲ್ಲ. ಲೇಬಲ್ಲಿನ ಆ ಸಣ್ಣ ಸಂಖ್ಯೆಗಳಿಗೆ ಪ್ರಾಣದ ಬೆಲೆಯಿದೆ.

೨೦೦೧ರಲ್ಲಿ ಹಸಿರು ಚುಕ್ಕಿ, ಕಂದು ಚುಕ್ಕಿಗಳು ಬಂದುವು. ಸಸ್ಯಾಹಾರಕ್ಕೆ ಹಸಿರು, ಮೊಟ್ಟೆ ಮಾಂಸ ಸೇರಿದ್ದಕ್ಕೆ ಕಂದು. ಓದಲು ಬಾರದ ಅಜ್ಜಿಯೂ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಚುಕ್ಕಿ ನೋಡಿ ಮಡಿಯನ್ನು ಕಾಪಾಡಿಕೊಂಡರು. ಬಣ್ಣ ಗುರುತಿಸಲಾರದವರಿಗೆ ತೊಂದರೆಯಾಗಬಾರದೆಂದು ೨೦೨೦ರ ನಿಯಮದಲ್ಲಿ ಕಂದು ಚುಕ್ಕಿ ತ್ರಿಕೋನವಾಯಿತು. ಅಕ್ಷರದ ಹಂಗಿಲ್ಲದೆ, ಭಾಷೆಯ ಹಂಗಿಲ್ಲದೆ ಒಂದು ಗುರುತು ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನೆನಪಿನಲ್ಲಿಡಿ, ಮುಂದೆ ಇದರ ಪ್ರಸ್ತಾಪ ಬರುತ್ತದೆ.

ಇಷ್ಟೆಲ್ಲ ಆದರೂ ಪೊಟ್ಟಣದೊಳಗಿನ ಪದಾರ್ಥ ದೇಹಕ್ಕೆ ಏನು ಮಾಡುತ್ತದೆ ಎಂದು ಹೇಳುವ ಕಡ್ಡಾಯ ಇರಲಿಲ್ಲ. ಅಮೆರಿಕದಲ್ಲಿ ೧೯೯೦ರಲ್ಲಿ ಅಂಥ ಕಾನೂನಾಗಿ ೧೯೯೪ರಿಂದ ಪೋಷಕಾಂಶಗಳ ಪಟ್ಟಿ ಡಬ್ಬಿಗಳ ಮೇಲೆ ಬಂದಿತ್ತು. ನಮ್ಮಲ್ಲಿ ೨೦೦೮ರಲ್ಲಿ ನಿಯಮವಾಗಿ ೨೦೦೯ರಲ್ಲಿ ಜಾರಿಗೆ ಬಂತು. ಶಕ್ತಿ, ಸಸಾರಜನಕ, ಪಿಷ್ಟ, ಸಕ್ಕರೆ, ಕೊಬ್ಬು ಇವನ್ನು ನೂರು ಗ್ರಾಮಿಗೆ ಅಥವಾ ಒಂದು ಸಲದ ಬಳಕೆಗೆ ಇಷ್ಟು ಎಂದು ಬರೆಯಬೇಕಾಯಿತು. ೧೯೫೪ರ ಕಾಯಿದೆಯ ಸ್ಥಾನದಲ್ಲಿ ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂದು, ಅದರ ನಿಯಮಗಳು ೨೦೧೧ರ ಆಗಸ್ಟಿನಿಂದ ಜಾರಿಯಾದುವು. ಪೊಟ್ಟಣಗಳ ಮೇಲೆ ಕಾಣುವ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆ ಈ ಹೊಸ ಏರ್ಪಾಡಿನದು. ಮನೆಯಲ್ಲಿ ಹಪ್ಪಳ, ಸಾರಿನಪುಡಿ ಮಾಡಿ ಮಾರುವ ನಮ್ಮ ಸೋದರಿಯರೂ ನೋಂದಣಿ ಮಾಡಿಸಿಕೊಳ್ಳಬೇಕು. ೨೦೨೦ರ ನಿಯಮಗಳು ಹೊರಗಿನಿಂದ ಸೇರಿಸಿದ ಸಕ್ಕರೆ, ಸೋಡಿಯಂ, ಕೆಟ್ಟ ಕೊಬ್ಬುಗಳನ್ನೂ ಬಿಡಿಸಿ ಹೇಳಿಸಿದುವು. ದಿನದ ಅಗತ್ಯದಲ್ಲಿ ಅದು ನೂರಕ್ಕೆ ಎಷ್ಟು ಪಾಲಾಯಿತು ಎಂಬ ಲೆಕ್ಕವನ್ನೂ ಕೇಳಿದುವು.

ಈ ಪಟ್ಟಿಯನ್ನು ಓದುವುದು ಬ್ರಹ್ಮವಿದ್ಯೆಯಲ್ಲ. ಮೊದಲು ಪದಾರ್ಥಗಳ ಸಾಲು ನೋಡಿ. ಹೆಚ್ಚು ತೂಕದ್ದು ಮೊದಲು, ಕಡಿಮೆಯದು ಕೊನೆಗೆ ಎಂಬುದು ನಿಯಮ. ರಾಗಿ ಬಿಸ್ಕತ್ತು ಎಂದು ದೊಡ್ಡದಾಗಿ ಬರೆದಿದ್ದು, ಸಾಲಿನಲ್ಲಿ ಮೈದಾ, ಸಕ್ಕರೆ, ಎಣ್ಣೆಗಳಾದ ಮೇಲೆ ರಾಗಿ ಬಂದರೆ ಅದು ಯಾವ ಬಿಸ್ಕತ್ತು ಎಂದು ನೀವೇ ಹೇಳಿ. ಆಮೇಲೆ ಅಂಕಿಗಳು. ನೂರು ಗ್ರಾಮಿಗೆ ಸೋಡಿಯಂ ೮೦೦ ಮಿಲಿಗ್ರಾಂ ಎಂದಿರುವ ಕುರುಕಲಿನ ೫೦ ಗ್ರಾಂ ಪೊಟ್ಟಣವೊಂದನ್ನು ಸಂಜೆ ಖಾಲಿಮಾಡಿದರೆ ೪೦೦ ಮಿಲಿಗ್ರಾಂ ಒಳಗೆ ಹೋಯಿತು. ದಿನಕ್ಕೆ ಲೆಕ್ಕ ಹಿಡಿದಿರುವುದು ೨೦೦೦ ಮಿಲಿಗ್ರಾಂ, ಎಂದರೆ ಐದು ಗ್ರಾಂ ಉಪ್ಪು, ಒಂದು ಟೀ ಚಮಚದಷ್ಟು. ಊಟಕ್ಕೆ ಕೂರುವ ಮೊದಲೇ ಐದರಲ್ಲೊಂದು ಪಾಲು ಮುಗಿಯಿತು. ಸೇರಿಸಿದ ಸಕ್ಕರೆಗೆ ಹಿಡಿದಿರುವ ಲೆಕ್ಕ ದಿನಕ್ಕೆ ೫೦ ಗ್ರಾಂ. ಮಕ್ಕಳ ಹಾಲಿಗೆ ಹಾಕುವ ಪುಡಿಯಲ್ಲಿ ನೂರು ಗ್ರಾಮಿಗೆ ೩೫ ಗ್ರಾಂ ಸಕ್ಕರೆಯಿದ್ದು, ದಿನಕ್ಕೆರಡು ಸಲ ೨೦ ಗ್ರಾಮಿನಂತೆ ಕೊಟ್ಟರೆ ೧೪ ಗ್ರಾಂ ಅದರಿಂದಲೇ ಸೇರಿತು. ಮೇಲೆ ನಾವು ಪ್ರೀತಿಯಿಂದ ಹಾಕುವ ಸಕ್ಕರೆ ಬೇರೆ. ಇಂಥ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ಪಂಗಡದಲ್ಲಿಟ್ಟು ಮಾರಬೇಡಿರೆಂದು ೨೦೨೪ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಅಂತರ್ಜಾಲದ ಅಂಗಡಿಗಳಿಗೆ ಹೇಳಬೇಕಾಯಿತು. ಆ ಹೆಸರಿನ ಆಹಾರ ಕಾನೂನಿನಲ್ಲಿ ಇಲ್ಲವೇ ಇಲ್ಲ.

ನಿಯಮದ ಬಲೆಯಲ್ಲಿ ತೂತುಗಳೂ ಇವೆ. ನೂರು ಚದರ ಸೆಂಟಿಮೀಟರು ಮೀರದ ಪುಟ್ಟ ಪೊಟ್ಟಣಗಳ ಮೇಲೆ ಪೋಷಕಾಂಶದ ಪಟ್ಟಿ ಬೇಕಿಲ್ಲ, ಜಾಗ ಸಾಲದೆಂಬ ಕಾರಣಕ್ಕೆ. ಶಾಲೆಯ ಮುಂದಿನ ಗೂಡಂಗಡಿಯಲ್ಲಿ ಮಕ್ಕಳು ಕೊಳ್ಳುವುದೇ ಅಂಥ ಪುಟ್ಟ ಪೊಟ್ಟಣಗಳನ್ನು! ಕ್ಯಾಲೊರಿ ಲೆಕ್ಕವನ್ನು ತಿಂಡಿಪಟ್ಟಿಯಲ್ಲಿ ತೋರಿಸಬೇಕಾದದ್ದು ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮಾತ್ರ, ನಮ್ಮ ಬೀದಿಯ ಮಸಾಲೆದೋಸೆಗೆ ಆ ಕಾಟವಿಲ್ಲ. ಗಾಜಿನ ಕಪಾಟಿನ ಬಿಡಿ ಸಿಹಿತಿಂಡಿಗಳಿಗೆ, ನಮ್ಮ ಮೈಸೂರು ಪಾಕೂ ಸೇರಿದಂತೆ, ಯಾವ ದಿನದೊಳಗೆ ತಿನ್ನುವುದು ಒಳ್ಳೆಯದೆಂಬ ಚೀಟಿ ಇಡಬೇಕೆಂದು ೨೦೨೦ರ ಅಕ್ಟೋಬರ್ ೧ರಿಂದ ನಿಯಮವಾಯಿತು. ಹಬ್ಬದ ಗುಂಪಿನಲ್ಲಿ ಆ ಚೀಟಿಯನ್ನು ಹುಡುಕಿ ನೋಡುವ ತಾಳ್ಮೆ ನಮಗೂ ಬೇಕು.

ಮೈಸೂರಿನ ಪ್ರಯೋಗಾಲಯ ಮತ್ತೆ ದೇಶದ ಕಣ್ಣಿಗೆ ಬಿದ್ದದ್ದು ೨೦೧೫ರ ಮ್ಯಾಗಿ ಗಲಾಟೆಯಲ್ಲಿ. ಸೀಸದ ಪ್ರಮಾಣ ಮತ್ತು ‘ಎಂಎಸ್‌ಜಿ ಸೇರಿಸಿಲ್ಲ’ ಎಂಬ ಲೇಬಲ್ಲಿನ ಮಾತು, ಇವೆರಡೂ ವಿವಾದಕ್ಕೆ ಬಂದುವು. ಜೂನಿನಲ್ಲಿ ನಿಷೇಧವಾಯಿತು, ಆಗಸ್ಟಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯ ಮುಟ್ಟಿದಾಗ ಮಾದರಿಗಳ ಪರೀಕ್ಷೆ ಮೈಸೂರಿನಲ್ಲಿ ನಡೆಯಲೆಂದು ನ್ಯಾಯಾಲಯ ಹೇಳಿತು. ಸೀಸ ಮಿತಿಯೊಳಗಿದೆ ಎಂದು ಇಲ್ಲಿಂದ ವರದಿ ಹೋಯಿತು. ಗ್ರಾಹಕ ಆಯೋಗದ ಮುಂದಿದ್ದ ಸರ್ಕಾರದ ದಾವೆ ೨೦೨೪ರಲ್ಲಿ ವಜಾ ಆಯಿತು. ಯಾರು ಗೆದ್ದರು ಎಂಬುದು ಹಾಗಿರಲಿ. ಪೊಟ್ಟಣದ ಹಿಂದಿನ ಒಂದು ಸಾಲಿಗೆ ಇಷ್ಟು ಭಾರವಿದೆ ಎಂದು ದೇಶದ ತಾಯಂದಿರು ಆ ವರ್ಷ ಕಂಡುಕೊಂಡರು.

ಇನ್ನು ನನ್ನ ಮನಸ್ಸನ್ನು ಹೆಚ್ಚು ಕೊರೆಯುವ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಪ್ರತಿದಿನ ಕನ್ನಡ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರು, ಜೈಮಿನಿ ಭಾರತವನ್ನು ರಾಗವಾಗಿ ಓದಬಲ್ಲವರು. ರಕ್ತದೊತ್ತಡಕ್ಕೆಂದು ವೈದ್ಯರು ಉಪ್ಪು ಕಡಿಮೆ ಮಾಡಲು ಹೇಳಿದರು. ಸಾರಿಗೆ, ಪಲ್ಯಕ್ಕೆ ಉಪ್ಪು ಕಡಿಮೆ ಮಾಡಿ ಸಪ್ಪೆ ಊಟ ಮಾಡಿದರು. ಆದರೂ ಒತ್ತಡ ಇಳಿಯಲಿಲ್ಲ. ಸೊಸೆ ಒಂದು ದಿನ ಅವರು ಸಂಜೆ ತಿನ್ನುವ ಪ್ಯಾಕೆಟ್ಟಿನ ಹಿಂಬದಿ ಓದಿದಾಗ ವಿಷಯ ಬಯಲಾಯಿತು. ಆ ಹಿರಿಯರು ಅನಕ್ಷರಸ್ಥೆಯಲ್ಲ. ಅಕ್ಷರ ಅವರ ಕಡೆಯಲ್ಲಿತ್ತು, ಡಬ್ಬಿಯ ಮೇಲೆ ಇರಲಿಲ್ಲ. ಇದ್ದುದು ಇಂಗ್ಲಿಷು. ಅದರಲ್ಲೂ ಉಪ್ಪು ಎಂಬ ಮಾತಿಲ್ಲ, ಸೋಡಿಯಂ ಎಂಬ ಮಾತು.

ಇದು ಆಕಸ್ಮಿಕವಲ್ಲ. ಕಡ್ಡಾಯದ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು, ಬೇರೆ ಭಾಷೆಯನ್ನು ಬೇಕಾದರೆ ಜೊತೆಗೆ ಬಳಸಬಹುದು ಎಂಬುದು ಹಳೆಯ ಕಾಯಿದೆಯ ಕಾಲದಿಂದ ೨೦೨೦ರ ನಿಯಮದವರೆಗೂ ಬಂದಿರುವ ಮಾತು. ಕನ್ನಡ ಬೇಕಾದರೆ ಸರಿ, ಇಲ್ಲದಿದ್ದರೂ ಸರಿ. ೨೦೨೩ರ ಮಾರ್ಚಿಯಲ್ಲಿ ಇದು ನಮ್ಮ ಮೊಸರಿನವರೆಗೂ ಬಂತು. ನಂದಿನಿ ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಮುಂದೆ ಬರೆದು ‘ಮೊಸರು’ ಎಂಬುದನ್ನು ಆವರಣದಲ್ಲಿಡಿರೆಂದು ಆಹಾರ ಪ್ರಾಧಿಕಾರ ಹಾಲು ಮಹಾಮಂಡಳಿಗೆ ಸೂಚಿಸಿತು. ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಪ್ರತಿಭಟನೆಯೆದ್ದು, ತಿಂಗಳು ಮುಗಿಯುವುದರೊಳಗೆ ಪ್ರಾಧಿಕಾರ ಆದೇಶ ಬದಲಿಸಿತು. ‘ಕರ್ಡ್’ ಎಂದು ಬರೆದು ಪಕ್ಕದಲ್ಲಿ ಆಯಾ ನಾಡಿನ ಹೆಸರು ಇಡಬಹುದೆಂದಿತು. ಹೆಸರಿಗಾಗಿ ನಾಡು ಎದ್ದುದು ಸಂತೋಷವೇ. ಆದರೆ ಮೊಸರು ಮೊಸರೆಂದು ಪೊಟ್ಟಣ ನೋಡದೆಯೂ ನಮಗೆ ತಿಳಿಯುತ್ತದೆ. ತಿಳಿಯದಿರುವುದು ಹಿಂಬದಿಯ ಪಟ್ಟಿ. ಆ ಪಟ್ಟಿಗಾಗಿ ಯಾರೂ ಬೀದಿಗಿಳಿಯಲಿಲ್ಲ.

ರಾಜ್ಯದ ೨೦೨೨ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆ, ಕರ್ನಾಟಕದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಹೆಸರು, ಬಳಸುವ ಬಗೆ ಕನ್ನಡದಲ್ಲೂ ಇರಬೇಕೆಂದು ಹೇಳುತ್ತದೆ. ೨೦೨೫ರ ಫೆಬ್ರುವರಿಯಲ್ಲಿ ಸರ್ಕಾರ ಅದಕ್ಕೆ ಆದೇಶವನ್ನೂ ಹೊರಡಿಸಿತು. ಒಳ್ಳೆಯ ಹೆಜ್ಜೆ. ಆದರೆ ಹೊರರಾಜ್ಯಗಳಿಂದ ಬರುವ ಪೊಟ್ಟಣಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ಇಲ್ಲಿ ಆ ಹಸಿರು ಚುಕ್ಕಿಯ ಮಾತನ್ನು ನೆನೆಯೋಣ. ದಕ್ಷಿಣ ಅಮೆರಿಕದ ಚಿಲಿ ದೇಶ ೨೦೧೬ರಿಂದ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮುಂಭಾಗದಲ್ಲೇ ಕಪ್ಪು ಅಷ್ಟಕೋನದ ಗುರುತು ಹಾಕಿಸಿತು. ಓದುವ ಶ್ರಮವಿಲ್ಲ, ಲೆಕ್ಕದ ಶ್ರಮವೂ ಇಲ್ಲ. ನಮ್ಮ ಪ್ರಾಧಿಕಾರ ೨೦೨೨ರಲ್ಲಿ ಪ್ರಕಟಿಸಿದ ಕರಡಿನಲ್ಲಿ ಎಚ್ಚರಿಕೆಯ ಗುರುತಿನ ಬದಲು ನಕ್ಷತ್ರಗಳಿದ್ದುವು, ಒಳ್ಳೆಯದಕ್ಕೆ ಹೆಚ್ಚು ನಕ್ಷತ್ರ, ಉಳಿದುದಕ್ಕೆ ಕಡಿಮೆ. ಸಾಧಾರಣ ಪದಾರ್ಥಕ್ಕೂ ಒಂದೆರಡು ನಕ್ಷತ್ರ ಸಿಕ್ಕಿ ಅದೇ ಪದಕದಂತೆ ಕಾಣುತ್ತದೆ ಎಂದು ಅನೇಕ ವೈದ್ಯರು ಆಕ್ಷೇಪಿಸಿದರು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ಪೊಟ್ಟಣದ ಮುಂಭಾಗದ ಗುರುತಿನ ಬಗ್ಗೆ ತಜ್ಞರ ಸಮಿತಿ ಮೂರು ತಿಂಗಳಲ್ಲಿ ಶಿಫಾರಸು ಕೊಡಲೆಂದು ೨೦೨೫ರ ಏಪ್ರಿಲಿನಲ್ಲಿ ಆದೇಶವಾಯಿತು. ನನ್ನನ್ನು ಕೇಳಿದರೆ, ಮಡಿಗಾಗಿ ಒಂದು ಚುಕ್ಕಿ ಇಡಬಲ್ಲ ದೇಶ ಆರೋಗ್ಯಕ್ಕಾಗಿ ಇನ್ನೊಂದು ಗುರುತು ಇಡಲು ಇಷ್ಟು ತಡಮಾಡಬಾರದು.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದು, ಊಟವನ್ನು ಮನೆಯಲ್ಲೇ ಮಾಡುತ್ತಿದ್ದ ಕಾಲದಲ್ಲಿ. ಬೇರೆಯವರು ಮಾಡಿ, ಬೇರೆಯವರು ಕಟ್ಟಿ, ಬೇರೆ ಊರಿನಿಂದ ಬಂದ ಊಟವನ್ನು ಬಲ್ಲವರಾಗಬೇಕಾದರೆ ಅದು ನಮ್ಮೊಡನೆ ನಮ್ಮ ಮಾತಿನಲ್ಲಿ ಮಾತಾಡಬೇಕು. ಇದನ್ನು ಕೇಳುವ ದಾರಿಗಳಿವೆ. ಕಂಪೆನಿಯ ವಿಳಾಸ, ಗ್ರಾಹಕರ ದೂರವಾಣಿ ಪೊಟ್ಟಣದ ಮೇಲೆಯೇ ಇರುತ್ತವೆ. ‘ನಿಮ್ಮ ಪಟ್ಟಿ ಕನ್ನಡದಲ್ಲಿ ಏಕಿಲ್ಲ?’ ಎಂದು ಮಹಿಳಾ ಸಮಾಜದ ಐವತ್ತು ಸದಸ್ಯೆಯರು ಐವತ್ತು ಕಾಗದ ಬರೆದರೆ ಉತ್ತರ ಬಾರದೆ ಇರದು. ಪದಾರ್ಥದ ಬಗ್ಗೆಯೇ ಅನುಮಾನವಿದ್ದರೆ, ೧೯೫೪ರಲ್ಲಿ ಸಿಕ್ಕ ಆ ಹಕ್ಕು ಹೊಸ ಕಾಯಿದೆಯ ನಲವತ್ತನೆಯ ಕಲಮಿನಲ್ಲಿ ಇನ್ನೂ ಹಾಗೆಯೇ ಇದೆ, ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಿ. ಅಷ್ಟು ಮಾಡಲು ಆಗದವರು ಮುಂದಿನ ಸಲ ಅಂಗಡಿಯಲ್ಲಿ ಡಬ್ಬಿಯನ್ನು ಚೀಲಕ್ಕೆ ಹಾಕುವ ಮೊದಲು ತಿರುಗಿಸಿ ನೋಡಿ, ಪಕ್ಕದಲ್ಲಿರುವ ಇಂಗ್ಲಿಷ್ ಬಾರದ ಹಿರಿಯರಿಗೆ ಅದನ್ನು ಓದಿ ಹೇಳಿ. ಹಿಂದೆ ಕಾಗದ ಓದಿಸಿಕೊಳ್ಳಲು ಬರುತ್ತಿದ್ದ ನೆರೆಹೊರೆಯವರಿಗೆ ನಮ್ಮ ತಾಯಂದಿರು ಮಾಡುತ್ತಿದ್ದುದೂ ಇದನ್ನೇ.